ದಫ್ತರ ಯಾರ ಕೈಯಲ್ಲಿ? ಡಿಗ್ರಿಯಲ್ಲಿ ಮಾಹಿತಿ ವ್ಯವಸ್ಥೆ ಓದುವ ಬಗ್ಗೆ ಎರಡು ಮಾತು

(ನಮ್ಮ ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಆಡಿದ ಮಾತು. ಸಂಚಿಕೆಗಾಗಿ ಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ನಮ್ಮ ಅಧ್ಯಕ್ಷ ಅಣ್ಣ ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ಇಂಟರ್ ಮುಗಿಸಿದ ಹುಡುಗ್ರು ಮುಂದೇನು ಓದಬೇಕು ಅಂತ ಬಂದು ಕೇಳ್ತಾರೆ. ನಮಗೆ ಗೊತ್ತಾಗಲ್ಲ. ನೀನು ಕಾಲೇಜಿಗೆ ಹೋಗ್ತೀಯ, ಕಂಪ್ಯೂಟರ್ ಬೇರೆ ತಗೊಂಡೀಯ. ಒಂದು ಹತ್ತು ನಿಮಿಷ ಹೇಳಪ್ಪ." ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಊಟ ರೆಡಿ ಆದರೆ ಕೂಗಿರಿ, ನಿಲ್ಲಿಸುತ್ತೇನೆ.

ನಾನು ಓದುತ್ತಿರುವುದು ಬಿ.ಎ. ಇತಿಹಾಸ, ರಾಜಕೀಯ ಶಾಸ್ತ್ರ, ಅದರ ಜೊತೆ ಕಂಪ್ಯೂಟರ್ ಅಪ್ಲಿಕೇಷನ್ಸ್. "ಬಿ.ಎ.ದಾಗ ಕಂಪ್ಯೂಟರ್ ಏನೈತೆ? ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ" ಅಂತ ನಮ್ಮ ಮಾವ ನಕ್ಕರು. ನನಗೂ ಮೊದಲ ವರ್ಷ ಹಾಗೇ ಅನಿಸಿತ್ತು. ಕಂಪ್ಯೂಟರ್ ಅಂದರೆ ಟೈಪ್ ಹೊಡೆಯುವುದು, ಪ್ರಿಂಟ್ ತೆಗೆಯುವುದು, ಕೊನೆಗೆ ಒಂದು ಜೆರಾಕ್ಸ್ ಅಂಗಡಿ ಇಡುವುದು ಅಂತ ತಿಳಿದಿದ್ದೆ. ಆಮೇಲೆ ಒಂದು ವಿಷಯ ಬಂತು. ಅದನ್ನು ಮಾಹಿತಿ ವ್ಯವಸ್ಥೆಗಳ ನಿರ್ವಹಣೆ ಅನ್ನುತ್ತಾರೆ. ಪುಸ್ತಕದಲ್ಲಿ ಎಂ.ಐ.ಎಸ್. ಅಂತ ಇರುತ್ತದೆ. ಇವತ್ತು ಅದರ ಬಗ್ಗೆನೇ ಮಾತಾಡುತ್ತೇನೆ. ಯಾಕಂದರೆ ಆ ವಿಷಯ ಓದುವಾಗ ಕಂಪ್ಯೂಟರಿಗಿಂತ ಹೆಚ್ಚು ನನಗೆ ನಮ್ಮ ತಾತ ನೆನಪಾದರು.

ಮೊದಲು ಅದು ಏನು ಅಂತ ಹೇಳುತ್ತೇನೆ. ಕಿರಾಣಿ ಅಂಗಡಿಯಲ್ಲಿ ಉದ್ದರಿ ಪುಸ್ತಕ ಇರುತ್ತದಲ್ಲ, ಅದೇ ಒಂದು ಮಾಹಿತಿ ವ್ಯವಸ್ಥೆ. ಯಾರು ತಗೊಂಡರು, ಏನು, ಎಷ್ಟು, ಯಾವ ದಿನ, ಕೊಟ್ಟರಾ ಇಲ್ಲವಾ. ಒಂದೊಂದು ಸಾಲು ಬರೀ ಅಂಕಿ. ದೀಪಾವಳಿ ಹೊತ್ತಿಗೆ ಶೆಟ್ಟರು ಪುಸ್ತಕ ತಿರುವಿ "ಈ ಮನೆಗೆ ಇನ್ನು ಕೊಡಬಾರದು" ಅಂತ ತೀರ್ಮಾನ ಮಾಡುತ್ತಾರಲ್ಲ, ಆಗ ಅಂಕಿ ಮಾಹಿತಿ ಆಯಿತು. ಅಂಕಿ ಕೂಡಿಡುವುದು, ಅದರಿಂದ ತೀರ್ಮಾನ ತೆಗೆಯುವುದು, ಆ ಪುಸ್ತಕ ಯಾರು ಬರೆಯಬೇಕು, ಯಾರು ನೋಡಬಹುದು, ತಪ್ಪಾದರೆ ಯಾರು ತಿದ್ದಬೇಕು ಅಂತ ಗೊತ್ತು ಮಾಡುವುದು, ಇಷ್ಟೇ ಆ ವಿಷಯ. ಕಂಪ್ಯೂಟರ್ ಆಮೇಲೆ ಬರುತ್ತದೆ. ಉದ್ದರಿ ಪುಸ್ತಕದಲ್ಲಿ ಇನ್ನೂ ಒಂದು ಸಂಗತಿ ಐತೆ. ಪುಸ್ತಕ ಶೆಟ್ಟರ ಹತ್ತಿರ ಮಾತ್ರ ಇರುತ್ತದೆ. ನಮ್ಮ ಹತ್ತಿರ ಇರುವುದು ನೆನಪು. ಜಗಳ ಬಂದರೆ ಗೆಲ್ಲುವುದು ಪುಸ್ತಕ.

ಈಗ ತಾತನ ವಿಷಯ. ನಮ್ಮ ತಾತ ವೆಟ್ಟಿ ಕೆಲಸ ಮಾಡಿದವರು. ವೆಟ್ಟಿ ಅಂದರೆ ನಮ್ಮ ಮಾತಿನಲ್ಲಿ ಬಿಟ್ಟಿ. ನಮ್ಮ ಆದೋನಿ ಸೀಮೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿ, ಮದ್ರಾಸ್ ಆಡಳಿತದಲ್ಲಿ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಈ ಕಡೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ರಾಜ್ಯ ಬದಲಾದರೂ ಊರಿನ ಲೆಕ್ಕ ಬರೆಯುವವರು ಬದಲಾಗಲಿಲ್ಲ. ಕರಣಂ ಲೆಕ್ಕ ಬರೆಯಬೇಕು, ಮುನ್ಸಬು ಕಂದಾಯ ವಸೂಲಿ ಮಾಡಬೇಕು, ತಳಾರಿ ಕಾಯಬೇಕು, ವೆಟ್ಟಿ ಹೇಳಿದ್ದು ಮಾಡಬೇಕು. ಈ ಊರ ಹುದ್ದೆಗಳು ವಂಶಪಾರಂಪರ್ಯ ಅಂತ 1895ರ ಮದ್ರಾಸ್ ಕಾನೂನೇ ಇತ್ತು. ಲೆಕ್ಕ ಬರೆಯುವುದು ಒಂದು ಜಾತಿಗೆ ಹುಟ್ಟಿನಿಂದ ಬಂದರೆ, ಲೆಕ್ಕ ಹೊರುವುದು ನಮಗೆ ಹುಟ್ಟಿನಿಂದ ಬಂತು.

ವರ್ಷಕ್ಕೊಂದು ಸಲ ಜಮಾಬಂದಿ. ಊರಿನ ಅಡಂಗಲ್, ಖಾತೆ, ರಸೀದಿ ಎಲ್ಲಾ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ತಾತನ ತಲೆ ಮೇಲೆ ಇಡುತ್ತಿದ್ದರಂತೆ. ಕರಣಂ ಗಾಡಿಯಲ್ಲಿ, ತಾತ ಹಿಂದೆ ನಡೆದುಕೊಂಡು ಆದೋನಿಗೆ. "ಊರೆಲ್ಲಾ ನನ್ನ ತಲೆ ಮೇಲೆ ಇತ್ತು ನೋಡಪ್ಪ" ಅಂತ ನಗುತ್ತಿದ್ದರು. ಆ ಗಂಟಿನಲ್ಲಿ ನಮ್ಮ ಹೆಸರಿನ ಮೇಲೆ ಏನು ಬರೆದೈತೆ ಅಂತ ಅವರಿಗೆ ಸಾಯುವ ತನಕ ಗೊತ್ತಾಗಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ, ಬಂದಿದ್ದರೂ ಗಂಟು ಬಿಚ್ಚುವ ಹಕ್ಕು ಇರಲಿಲ್ಲ. ನಮ್ಮ ಕ್ಲಾಸಿನಲ್ಲಿ ಇದಕ್ಕೆ ಆಕ್ಸೆಸ್ ಅಂತಾರೆ. ಯಾರು ನೋಡಬಹುದು, ಯಾರು ಬರೆಯಬಹುದು, ಯಾರು ಅಳಿಸಬಹುದು. ಮೇಷ್ಟ್ರು ಬೋರ್ಡಿನ ಮೇಲೆ ಆ ಪಟ್ಟಿ ಬರೆದಾಗ ನನಗೆ ಕೆಂಪು ಗಂಟು ಕಣ್ಣಿಗೆ ಬಂತು.

ಆ ಕಾನೂನಿನ ವಂಶಪಾರಂಪರ್ಯದ ಕಲಮು ಸಂವಿಧಾನಕ್ಕೆ ವಿರುದ್ಧ ಅಂತ 1960ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಗಾಜುಲ ದಶರಥರಾಮರಾವು ಅನ್ನುವವರ ಕೇಸು, ನಮ್ಮ ಆಂಧ್ರಪ್ರದೇಶದ್ದೇ. ಸಂವಿಧಾನದ 16ನೇ ಅನುಚ್ಛೇದದಲ್ಲಿ ಸರಕಾರಿ ನೌಕರಿಗೆ ಜಾತಿ ನೋಡಬಾರದು ಅನ್ನುವುದರ ಜೊತೆ ವಂಶ ನೋಡಬಾರದು ಅಂತಲೂ ಬರೆದೈತೆ. ಆ ಒಂದು ಪದ ಕೆಲಸ ಮಾಡಿತು. ಹಾಗಿದ್ದರೂ ಕರಣಂ, ಮುನ್ಸಬು ಹುದ್ದೆಗಳು ಪೂರ್ತಿ ಹೋಗಿದ್ದು 1984ರಲ್ಲಿ, ಎನ್.ಟಿ. ರಾಮಾರಾವು ಮುಖ್ಯಮಂತ್ರಿ ಆಗಿದ್ದಾಗ.

ಅದಾದ ಮೇಲೆ ಲೆಕ್ಕ ಕಾಗದದಿಂದ ಕಂಪ್ಯೂಟರಿಗೆ ಬಂತು. ಪಕ್ಕದ ಕರ್ನಾಟಕದಲ್ಲಿ 2000ದ ಆಸುಪಾಸು 'ಭೂಮಿ' ಅಂತ ಮಾಡಿದರು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 177 ತಾಲೂಕು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು. ಎಂ.ಐ.ಎಸ್. ಓದುವವರು ಎಲ್ಲಾ ಕಡೆ ಇದನ್ನು ಓದುತ್ತಾರೆ, ಪ್ರಪಂಚದಲ್ಲೇ ಹೆಸರಾದ ಉದಾಹರಣೆ. ಲಂಚ ಕಡಿಮೆ ಆಯಿತು ಅಂತ ಹೊಗಳಿದವರೂ ಇದ್ದಾರೆ, ದೊಡ್ಡವರಿಗೆ ಯಾವ ಜಮೀನು ಯಾರದು ಅಂತ ಬೆಂಗಳೂರಲ್ಲಿ ಕುಂತು ನೋಡಿ ಕೊಳ್ಳುವುದು ಸುಲಭ ಆಯಿತು ಅಂತ ಬರೆದವರೂ ಇದ್ದಾರೆ. ಎರಡೂ ನಿಜ ಇರಬಹುದು ಅಂತ ನನ್ನ ಅಭಿಪ್ರಾಯ. ಗೌಡರ ಜಮೀನನ್ನು ಹೋದ ವರ್ಷದಿಂದ ಗುತ್ತಿಗೆಗೆ ಮಾಡುವವನು ನಮ್ಮವನಾಗಿದ್ದರೆ, ಅವನಿಗೆ ಆ ಕಾಗದದಲ್ಲಿ ಜಾಗ ಇಲ್ಲದಿದ್ದರೆ, ಕಾಗದ ಕಂಪ್ಯೂಟರಿಗೆ ಬಂದರೂ ಅವನು ಅದರಲ್ಲಿ ಇರುವುದಿಲ್ಲ. ಹಳೆ ಪುಸ್ತಕದಲ್ಲಿ ಇಲ್ಲದ್ದು ಹೊಸ ಯಂತ್ರದಲ್ಲಿ ತಾನಾಗಿ ಹುಟ್ಟುವುದಿಲ್ಲ.

ನಮ್ಮ ರಾಜ್ಯದಲ್ಲಿ 2011ರಲ್ಲಿ ಮೀಸೇವಾ ಬಂತು, 2015ರಲ್ಲಿ ಮೀಭೂಮಿ ಬಂತು, 2019ರ ಅಕ್ಟೋಬರ್ 2ರಿಂದ ಗ್ರಾಮ ಸಚಿವಾಲಯ ಬಂತು. ಈಗ ಜಾತಿ ಸರ್ಟಿಫಿಕೇಟು, ಆದಾಯ, ರೇಷನ್ ಕಾರ್ಡು, ಪಿಂಚಣಿ, ಸ್ಕಾಲರ್‌ಶಿಪ್ಪು, ಕೂಲಿ, ಎಲ್ಲಾ ಒಂದು ಸ್ಕ್ರೀನಿನ ಹಿಂದೆ. ಕರಣಂ ಮನೆ ಜಗಲಿಗೆ ಹೋಗಿ ಕೈಕಟ್ಟಿ ನಿಲ್ಲುವುದು ತಪ್ಪಿತು, ಅದು ಸಣ್ಣದಲ್ಲ. ಆದರೆ ಗಂಟು ಬಿಚ್ಚಲು ಈಗಲೂ ಗೊತ್ತಿರಬೇಕು.

ಇದಕ್ಕೆ ನಮ್ಮ ಮನೆಯದೇ ಒಂದು ಉದಾಹರಣೆ. ಅವ್ವ ಇಲ್ಲೇ ಕುಂತಾಳೆ, ಅವಳನ್ನು ಕೇಳಿಯೇ ಹೇಳುತ್ತಿದ್ದೇನೆ.

ಬೇಸಿಗೆಯಲ್ಲಿ ಅವ್ವ ಉಪಾಧಿ ಕೆಲಸಕ್ಕೆ ಹೋದಳು. ನಿಮಗೆಲ್ಲಾ ಗೊತ್ತಿರುವ ಹಾಗೆ ಈಗ ದಿನಕ್ಕೆ ಎರಡು ಸಲ ಫೋಟೋ ಹಿಡಿದು ಹಾಜರಿ ಹಾಕುತ್ತಾರೆ. 2023ರ ಜನವರಿಯಿಂದ ಎಲ್ಲಾ ಕಡೆ ಅದು ಕಡ್ಡಾಯ. ಫೋಟೋ ಎಲ್ಲಾ ಸರಿಯಾಗಿತ್ತು. ನಾಲ್ಕು ವಾರದ ಕೂಲಿ ಬರಲಿಲ್ಲ. ಪಾಸ್‌ಬುಕ್ ಹಾಕಿಸಿದರೆ ಏನೂ ಇಲ್ಲ. ಕೇಳಿದ ಕಡೆಯೆಲ್ಲಾ "ಪೇಮೆಂಟ್ ಸಕ್ಸೆಸ್ ಅಂತ ತೋರಿಸ್ತೈತಮ್ಮ, ನಿಮ್ಮ ರೊಕ್ಕ ನಿಮಗೆ ಬಂದೈತೆ" ಅನ್ನುವರು. ಬಂದಿದ್ದರೆ ಎಲ್ಲಿ? ಒಂದು ಸಲ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಆಟೋ ಚಾರ್ಜು ಬೇರೆ. ಐದು ಸಲ ಹೋದಳು. ಕೊನೆಗೆ ಒಬ್ಬರು "ಹೆಸರು ತಪ್ಪೈತೆ, ಅದಕ್ಕೇ ಇರಬೇಕು" ಅಂದರು.

ಹೆಸರು ತಪ್ಪಿರುವುದು ನಿಜ. ನಮ್ಮವ್ವ ಹುಲಿಗೆಮ್ಮ. ಒಂದು ಕಾಗದದಲ್ಲಿ ಹುಲಿಗೆಮ್ಮ, ಒಂದರಲ್ಲಿ ಉಲಿಗಮ್ಮ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ ವುಲಿಗಮ್ಮ. ಮೂರು ಜನ ಒಂದೇ ಸೀರೆ ಉಟ್ಟುಕೊಂಡು ಕೂಲಿಗೆ ಹೋಗುತ್ತಾರೆ ಅಂತ ನಾವು ಮನೆಯಲ್ಲಿ ನಗಾಡುತ್ತೇವೆ. ಅಪ್ಪ ಹೆಸರು ತಿದ್ದಿಸಲು ಓಡಾಡಿದ. ಆದರೂ ರೊಕ್ಕ ಬರಲಿಲ್ಲ.

ಆ ಹೊತ್ತಿಗೆ ನಮಗೆ ಕ್ಲಾಸಿನಲ್ಲಿ ಡೇಟಾಬೇಸ್ ಪಾಠ ನಡೆಯುತ್ತಿತ್ತು. 1970ರಲ್ಲಿ ಐ.ಬಿ.ಎಂ. ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್ ಎಂಬ ಮನುಷ್ಯ ಲೆಕ್ಕವನ್ನೆಲ್ಲಾ ಕೋಷ್ಟಕ ಮಾಡಿ ಇಡುವ ದಾರಿ ಹೇಳಿದ. ಒಂದೊಂದು ಕೋಷ್ಟಕದಲ್ಲಿ ಒಂದು ಕೀ ಇರಬೇಕು, ಅಂದರೆ ಬೀಗದ ಕೈ ಇದ್ದ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಆಗಬಾರದು. ಹೆಸರು ಕೀ ಆಗುವುದಿಲ್ಲ. ನಮ್ಮ ಕೇರಿಯಲ್ಲೇ ಎಷ್ಟು ಜನ ಈರಣ್ಣ ಇದ್ದಾರೆ! ಉರುಕುಂದಿ ಹತ್ತಿರ ಐತೆ, ಮನೆಗೊಬ್ಬ ಈರಣ್ಣ. ಅದಕ್ಕೇ ನಂಬರು ಕೊಡುತ್ತಾರೆ. ಆಮೇಲೆ ಆ ನಂಬರನ್ನು ಇನ್ನೊಂದು ಕೋಷ್ಟಕಕ್ಕೆ ಜೋಡಿಸುತ್ತಾರೆ. ಮೇಷ್ಟ್ರು ಇಷ್ಟು ಹೇಳುವಾಗ ನನಗೆ ಹೊಳೆಯಿತು. ಕೂಲಿ ಈಗ ಜಾಬ್ ಕಾರ್ಡಿನಲ್ಲಿ ಬರೆದ ಅಕೌಂಟಿಗೆ ಹೋಗುವುದಿಲ್ಲ. ಆಧಾರ್ ನಂಬರಿಗೆ ಕೊನೆಯ ಸಲ ಯಾವ ಬ್ಯಾಂಕು ಜೋಡಣೆ ಆಗೈತೋ ಆ ಬ್ಯಾಂಕಿಗೆ ಹೋಗುತ್ತದೆ. 2024ರ ಜನವರಿ 1ರಿಂದ ಉಪಾಧಿ ಕೂಲಿ ಆ ದಾರಿಯಲ್ಲೇ. ಹಾಗಾದರೆ ನಾವು ನೋಡುತ್ತಿರುವ ಪಾಸ್‌ಬುಕ್ಕೇ ಬೇರೆ!

ಮೈಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರುತ್ತದೆ, ಅದನ್ನು ಒತ್ತಿದರೆ ಯಾವ ಬ್ಯಾಂಕು ಅಂತ ತೋರಿಸುತ್ತದೆ. ಒತ್ತಿದೆ. ಓ.ಟಿ.ಪಿ. ಕೇಳಿತು. ಅದು ಹೋಗುವುದು ಅಪ್ಪನ ಹಳೆ ನಂಬರಿಗೆ, ಆ ಸಿಮ್ಮು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದಾಗ ಕಳೆದಿತ್ತು. ಮೊದಲು ಫೋನ್ ನಂಬರ್ ಬದಲಿಸಿದೆವು. ಮತ್ತೆ ಒಂದು ದಿನದ ಕೂಲಿ ಹೋಯಿತು. ಆಮೇಲೆ ನೋಡಿದರೆ ಬೇರೆ ಒಂದು ಬ್ಯಾಂಕಿನ ಹೆಸರು. ಎರಡು ವರ್ಷದ ಹಿಂದೆ ಯಾರೋ ಬಂದು ಕೇರಿಯಲ್ಲಿ ಟೇಬಲ್ ಹಾಕಿಕೊಂಡು ಬೆರಳು ಒತ್ತಿಸಿಕೊಂಡು ಹೋಗಿದ್ದರು. ಖಾತೆ ಫ್ರೀ ಅಂದಿದ್ದರು. ಅವ್ವ ಅದನ್ನು ಮರೆತೇ ಬಿಟ್ಟಿದ್ದಳು. ನಾಲ್ಕು ವಾರದ ಕೂಲಿ ಒಂದು ಪೈಸೆ ಬಿಡದೆ ಅಲ್ಲಿ ಕುಂತಿತ್ತು.

ರೊಕ್ಕ ಸಿಕ್ಕಿತು, ಅದು ಸಂತೋಷ. ಆದರೆ ನನಗೆ ಬೇಜಾರಾಗಿದ್ದು ಬೇರೆ. ಯಾರೂ ಕದ್ದಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. "ಸಕ್ಸೆಸ್" ಅನ್ನುವುದು ಸ್ಕ್ರೀನಿನಲ್ಲಿ ನಿಜವಾಗಿಯೂ ಇತ್ತು. ಐದು ಕಡೆ ಕೇಳಿದರೂ ಒಬ್ಬರಾದರೂ "ಯಾವ ಬ್ಯಾಂಕಿಗೆ ಹೋಗೈತೆ ನೋಡೋಣ ತಾಳಮ್ಮ" ಅನ್ನಲಿಲ್ಲ. ಆ ಒಂದು ಪ್ರಶ್ನೆ ಹಾಕಲು ನನಗೆ ಒಂದು ಸೆಮಿಸ್ಟರ್ ಓದು ಬೇಕಾಯಿತು. ಓದದವರ ಗತಿ ಏನು?

ಹೆಸರಿನ ವಿಷಯ ಬಂತು, ಒಂದು ಸಣ್ಣ ಸಂಗತಿ ಹೇಳಿ ಮುಂದಕ್ಕೆ ಹೋಗುತ್ತೇನೆ. ನಾವು ಕನ್ನಡದಲ್ಲಿ ಓದಿ ತೆಲುಗಿನಲ್ಲಿ ಅರ್ಜಿ ಹಾಕುವ ಜನ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಐತೆ, ಯೂನಿಕೋಡ್ ಅಂತಾರೆ. ಅದರಲ್ಲಿ ತೆಲುಗಿಗೆ 128 ಮನೆ, ಅದರ ಪಕ್ಕದಲ್ಲೇ ಗೋಡೆಗೆ ಗೋಡೆ ಹತ್ತಿ ಕನ್ನಡಕ್ಕೆ 128 ಮನೆ. ತೆಲುಗಿನ 'ಅ' 3077ನೇ ನಂಬರು, ಅದಕ್ಕೆ 128 ಕೂಡಿಸಿದರೆ 3205, ಅದು ಕನ್ನಡದ 'ಅ'. 'ಹ' ಕೂಡ ಹಾಗೇ. ಕಂಪ್ಯೂಟರಿನ ಒಳಗೂ ಈ ಎರಡು ಭಾಷೆ ನಮ್ಮ ಆದೋನಿ ಸೀಮೆಯ ಹಾಗೆ ಅಕ್ಕಪಕ್ಕ ಇದ್ದಾವೆ ಅಂತ ಗೊತ್ತಾದಾಗ ನನಗೆ ಭಾಳ ಖುಷಿ ಆಯಿತು. ಅಂದರೆ ಹುಲಿಗೆಮ್ಮನ 'ಹ' ತಿಂದಿದ್ದು ಯಂತ್ರ ಅಲ್ಲ. ಕೇಳಿಸಿಕೊಂಡ ಕಿವಿ, ಒತ್ತಿದ ಬೆರಳು. ಅವ್ವನಿಗೆ "ಸರಿಯಾಗಿ ಬರೆದೀರಾ, ಓದಿ ಹೇಳ್ರಿ" ಅಂತ ಕೇಳುವ ಧೈರ್ಯ ಇರಲಿಲ್ಲ, ಅದೂ ಒಂದು ಕಾರಣ.

ಇನ್ನೊಂದು ಅನುಭವ. ನಮ್ಮ ಡಿಗ್ರಿಯಲ್ಲಿ ಮೊದಲ ವರ್ಷ ಮುಗಿದ ಮೇಲೆ 180 ಗಂಟೆ ಕಮ್ಯುನಿಟಿ ಸರ್ವಿಸ್ ಪ್ರಾಜೆಕ್ಟ್ ಮಾಡಬೇಕು. ಒಂದು ಊರು ಹಿಡಿದು ಮನೆಮನೆಗೆ ಹೋಗಿ ಸರ್ವೆ ಮಾಡಬೇಕು. ನಾನು ನಮ್ಮ ಕೇರಿನೇ ಹಿಡಿದೆ. ನಿಮ್ಮ ಮನೆಗೂ ಬಂದಿದ್ದೆ, ನೆನಪಿರಬಹುದು, ಕೆಲವರು ಲೋನ್ ಕೊಡುತ್ತಾರೆ ಅಂತ ಟೀ ಕೊಟ್ಟಿರಿ.

ನನ್ನ ಕೈಯಲ್ಲಿದ್ದ ಫಾರಂನಲ್ಲಿ 'ಉದ್ಯೋಗ' ಅಂತ ಒಂದೇ ಕಾಲಂ. ನಮ್ಮ ದೊಡ್ಡಪ್ಪನನ್ನು ಕೇಳಿದೆ. ಮಳೆ ಬಂದರೆ ಇಲ್ಲೇ ಕೂಲಿ, ಆಮೇಲೆ ಹತ್ತಿ ಬಿಡಿಸುವುದು, ಜನವರಿಯಿಂದ ಗುಂಟೂರಿನ ಮೆಣಸಿನಕಾಯಿ, ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಸೆಂಟ್ರಿಂಗ್. ಒಂದು ಮನುಷ್ಯ, ನಾಲ್ಕು ಊರು, ನಾಲ್ಕು ಕೆಲಸ. ನಾನು ಬರೆದಿದ್ದು: ಕೂಲಿ. ಮುಂದಿನ ಕಾಲಂ 'ಮಕ್ಕಳು ಶಾಲೆಗೆ ಹೋಗುತ್ತಾರಾ, ಹೌದು ಅಥವಾ ಇಲ್ಲ'. ದೊಡ್ಡಪ್ಪನ ಮಗಳು ಜೂನಿನಿಂದ ಡಿಸೆಂಬರ್ ತನಕ ಶಾಲೆಗೆ ಹೋಗುತ್ತಾಳೆ, ಆಮೇಲೆ ಗುಂಟೂರಿನಲ್ಲಿ ಗುಡಿಸಲ ಹತ್ತಿರ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಏನು ಬರೆಯಲಿ? 'ಹೌದು' ಅಂತ ಬರೆದೆ. ಆ 'ಹೌದು' ಮೇಲೆ ಹೋಗಿ ಯಾವುದೋ ಕೂಡಿಕೆಯಲ್ಲಿ ಸೇರಿರುತ್ತದೆ. ಅದನ್ನು ಓದಿದವರಿಗೆ ನಮ್ಮ ಕೇರಿಯಲ್ಲಿ ಮಕ್ಕಳೆಲ್ಲಾ ಶಾಲೆಗೆ ಹೋಗುತ್ತಾರೆ. ಸುಳ್ಳು ಬರೆದವನು ನಾನೇ, ಬೇರೆ ಯಾರೂ ಅಲ್ಲ. ಮೇಷ್ಟ್ರಿಗೆ ಹೇಳಿದೆ. ಅವರು "ಹಾಗಾದರೆ ನೀನೇ ಒಂದು ಕಾಲಂ ಜಾಸ್ತಿ ಹಾಕಿ ರಿಪೋರ್ಟ್ ಬರಿ" ಅಂದರು. 'ವರ್ಷದಲ್ಲಿ ಎಷ್ಟು ತಿಂಗಳು ಊರಲ್ಲಿ ಇರುತ್ತೀರಿ' ಅಂತ ಕಾಲಂ ಹಾಕಿ ಮತ್ತೆ ಎಲ್ಲಾ ಮನೆಗೆ ಹೋದೆ. ಎರಡನೇ ಸಲ ಟೀ ಸಿಗಲಿಲ್ಲ.

ಕಾಲಂ ಹಾಕುವವನ ಕೈಯಲ್ಲಿ ಎಷ್ಟು ಬಲ ಐತೆ ಅಂತ ನನಗೆ ಅವತ್ತು ಗೊತ್ತಾಯಿತು. ಒಳ್ಳೆಯ ಕಡೆಯೂ ಹಾಗೇ. ರೇಷನ್ ನೋಡ್ರಿ. 2019ರ ಆಗಸ್ಟ್‌ನಲ್ಲಿ ಆಂಧ್ರ ತೆಲಂಗಾಣದ ನಡುವೆ ಒಂದು ರಾಜ್ಯದ ಕಾರ್ಡಿಗೆ ಇನ್ನೊಂದು ರಾಜ್ಯದಲ್ಲಿ ಅಕ್ಕಿ ಕೊಡುವುದು ಶುರು ಮಾಡಿದರು, ಆಮೇಲೆ ದೇಶಕ್ಕೆಲ್ಲಾ ಬಂತು. ವಲಸೆ ಹೋಗುವ ಮನುಷ್ಯ ಇದ್ದಾನೆ ಅಂತ ಯಾರೋ ಯೋಚಿಸಿ ವ್ಯವಸ್ಥೆ ಕಟ್ಟಿದ್ದಕ್ಕೆ ತಾನೇ ಅದು ಆಗಿದ್ದು.

ಲೆಕ್ಕವನ್ನು ಕೂಲಿಯವರ ಕಡೆಯಿಂದ ಓದಿದ ಚರಿತ್ರೆಯೂ ನಮ್ಮ ರಾಜ್ಯದಲ್ಲೇ ಐತೆ. ಉಪಾಧಿ ಯೋಜನೆ ದೇಶದಲ್ಲಿ ಶುರುವಾಗಿದ್ದು 2006ರ ಫೆಬ್ರವರಿ 2ರಂದು, ಪಕ್ಕದ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆವತ್ತಿನಿಂದ ನಮ್ಮಲ್ಲಿ ಮಸ್ಟರ್, ಕೂಲಿ ಎಲ್ಲಾ ಕಂಪ್ಯೂಟರಿನಲ್ಲಿ. ಅದರ ಪ್ರಿಂಟ್ ತೆಗೆದುಕೊಂಡು ಕೂಲಿ ಮಾಡುವ ಮನೆಯ ಹುಡುಗ ಹುಡುಗಿಯರೇ ಮನೆಮನೆಗೆ ಹೋಗಿ "ಇಷ್ಟು ದಿನ ಕೆಲಸ ಮಾಡೀಯಂತ ಬರೆದೈತೆ, ಮಾಡೀಯಾ? ಇಷ್ಟು ರೊಕ್ಕ ಬಂದೈತಾ?" ಅಂತ ಕೇಳಿ, ಕೊನೆಗೆ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ಸೋಷಲ್ ಆಡಿಟ್. ಆಗಿನ ಕಾನೂನಿನ 17ನೇ ಸೆಕ್ಷನ್ ಗ್ರಾಮಸಭೆಗೆ ಆ ಹಕ್ಕು ಕೊಟ್ಟಿತ್ತು. 2009ರಲ್ಲಿ ಅದಕ್ಕೇ ಅಂತ ಒಂದು ಬೇರೆ ಸಂಸ್ಥೆ ಮಾಡಿದರು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಮೈಕಿನಲ್ಲಿ ಓದಿದರೆ ಹೇಗಿರುತ್ತದೆ ಯೋಚನೆ ಮಾಡ್ರಿ.

ಕೆ.ಜಿ.ಎಫ್.ನ ಸಫಾಯಿ ಕರ್ಮಚಾರಿ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಹೆಸರು ನಿಮಗೆ ಗೊತ್ತಿರಬಹುದು. ಕೈಯಿಂದ ಮಲ ಬಳಿಸುವುದು ಅಪರಾಧ ಅಂತ 1993ರಲ್ಲೇ ಕಾನೂನು ಬಂತು. "ನಮ್ಮಲ್ಲಿ ಅಂಥವರು ಯಾರೂ ಇಲ್ಲ" ಅಂತ ರಾಜ್ಯ ಸರಕಾರಗಳು ಬರೆದುಕೊಟ್ಟವು. ಕಾಗದದಲ್ಲಿ ಸೊನ್ನೆ. ಸಫಾಯಿ ಕರ್ಮಚಾರಿ ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬರೀ ಭಾಷಣ ತೆಗೆದುಕೊಂಡು ಹೋಗಲಿಲ್ಲ. ಊರೂರು ತಿರುಗಿ ಹೆಸರು, ಜಾಗ, ಫೋಟೋ ಸಮೇತ ತಾವೇ ಲೆಕ್ಕ ಬರೆದು ತಂದರು. 2014ರ ಮಾರ್ಚ್ 27ರಂದು ತೀರ್ಪು ಬಂತು, ಗಟಾರದಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಅಂತಲೂ ಹೇಳಿತು. ಸರಕಾರದ ಸೊನ್ನೆಗೆ ಎದುರಾಗಿ ನಿಂತಿದ್ದು ನಮ್ಮವರ ರಿಜಿಸ್ಟರು. ಎಂ.ಐ.ಎಸ್. ಪುಸ್ತಕದಲ್ಲಿ ಕಂಪನಿಗಳ ಉದಾಹರಣೆ ತುಂಬಿರುತ್ತವೆ, ಇದು ಇರುವುದಿಲ್ಲ. ನಾನು ಪರೀಕ್ಷೆಯಲ್ಲಿ ಇದನ್ನೇ ಬರೆದೆ. ಮಾರ್ಕ್ಸ್ ಪರವಾಗಿಲ್ಲ, ಬಂದವು.

ಇನ್ನು ಇಂಟರ್ ಮುಗಿಸಿದ ತಮ್ಮ ತಂಗಿಯರಿಗೆ. ಈ ವಿಷಯ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಬಿ.ಸಿ.ಎ., ಬಿ.ಎಸ್ಸಿ. ಕಂಪ್ಯೂಟರ್ಸ್, ಬಿ.ಕಾಂ. ಕಂಪ್ಯೂಟರ್ಸ್, ಬಿ.ಬಿ.ಎ., ಇಲ್ಲವೇ ನನ್ನ ಹಾಗೆ ಬಿ.ಎ. ಜೊತೆ. ಪ್ರೋಗ್ರಾಮ್ ಬರೆಯುವುದು ಇಷ್ಟ ಇದ್ದರೆ ಬಿ.ಸಿ.ಎ. ಲೆಕ್ಕಪತ್ರ ಇಷ್ಟ ಇದ್ದರೆ ಬಿ.ಕಾಂ. ಕಂಪ್ಯೂಟರ್ಸ್, ನಮ್ಮ ಕಡೆಯವರಿಗೆ ಇದು ಒಳ್ಳೆಯದು ಅಂತ ನನಗನಿಸುತ್ತದೆ. ಮೂರು ತಿಂಗಳ ಡಿ.ಸಿ.ಎ. ಸರ್ಟಿಫಿಕೇಟು ಬೇರೆ, ಇದು ಬೇರೆ. ಅದು ಟೈಪ್ ಕಲಿಸುತ್ತದೆ. ಏನು ಟೈಪ್ ಮಾಡಬೇಕು, ಯಾಕೆ ಅಂತ ಕಲಿಸುವುದಿಲ್ಲ. ಸಚಿವಾಲಯದ ಹುದ್ದೆಗಳಿಗೆ 2019ರಲ್ಲಿ ಪರೀಕ್ಷೆ ಇಟ್ಟಾಗ ಡಿಜಿಟಲ್ ಅಸಿಸ್ಟೆಂಟ್ ಹುದ್ದೆಗೆ ಬಿ.ಟೆಕ್., ಬಿ.ಸಿ.ಎ., ಬಿ.ಎಸ್ಸಿ. ಕಂಪ್ಯೂಟರ್ಸ್ ತರಹದ ಡಿಗ್ರಿ ಕೇಳಿದ್ದರು, ಬರೀ ಬಿ.ಎ.ಗೆ ಜಾಗ ಇರಲಿಲ್ಲ. ಇದನ್ನು ಸೇರುವ ಮುಂಚೆ ನನಗೆ ಯಾರೂ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ. ಅಂಥ ನೋಟಿಫಿಕೇಷನ್ ಮತ್ತೆ ಯಾವಾಗ ಬರುತ್ತದೋ, ಅದನ್ನೇ ನಂಬಿಕೊಂಡು ಸೇರಬೇಡಿ.

ಕಷ್ಟ ಇಂಗ್ಲಿಷು. ಹತ್ತನೇ ತನಕ ಕನ್ನಡ, ಇಂಟರಿನಲ್ಲಿ ಅರ್ಧ ತೆಲುಗು, ಡಿಗ್ರಿಯಲ್ಲಿ ಪುಸ್ತಕ ಪೂರ್ತಿ ಇಂಗ್ಲಿಷು. ಮೊದಲ ಸೆಮಿಸ್ಟರ್ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ. ನಾನು ಮಾಡಿದ್ದು, ಪ್ರತಿ ಹೊಸ ಪದಕ್ಕೂ ನಮ್ಮ ಕೇರಿಯ ಒಂದು ವಸ್ತು ಹುಡುಕಿ ನೋಟ್ಸಿನಲ್ಲಿ ಬರೆಯುವುದು. ಬ್ಯಾಕಪ್ ಅಂದರೆ ಬಿತ್ತನೆ ಬೀಜ ಎತ್ತಿಡುವುದು. ಹೀಗೆ ಬರೆದದ್ದು ಮರೆಯುವುದಿಲ್ಲ. ಎನ್‌ಪಿಟಿಇಎಲ್‌ನಲ್ಲಿ ಐ.ಐ.ಟಿ. ಮೇಷ್ಟ್ರುಗಳು ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ ಪಾಠ ಮಾಡಿದ್ದು ಫ್ರೀಯಾಗಿ ಸಿಗುತ್ತದೆ. ಫೋನಿನಲ್ಲಿ ನಿಧಾನ ಮಾಡಿಕೊಂಡು ಎರಡು ಮೂರು ಸಲ ಕೇಳ್ರಿ. ಬಾಬಾಸಾಹೇಬರು 1912ರಲ್ಲಿ ಬಿ.ಎ. ಮಾಡಿದ್ದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರದಲ್ಲಿ. 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ ನಮ್ಮವರ ವೋಟಿನ ಹಕ್ಕು ಕೇಳಲು ಹೋದಾಗ ಅಂಕಿ ಅಂಶ ಕೈಯಲ್ಲಿ ಹಿಡಿದೇ ಹೋಗಿದ್ದರು.

ನನಗೂ ಒಂದು ಭಯ ಐತೆ, ಅದನ್ನೂ ಹೇಳಿಬಿಡುತ್ತೇನೆ. ನಾಳೆ ನನಗೇ ಒಂದು ಕುರ್ಚಿ, ಒಂದು ಕಂಪ್ಯೂಟರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ದಿನಕ್ಕೆ ನೂರು ಜನ ಬರುತ್ತಾರೆ. ಮೇಲಿನವರು ಟಾರ್ಗೆಟ್ ಕೇಳುತ್ತಾರೆ. ನೆಟ್‌ವರ್ಕ್ ಇರುವುದಿಲ್ಲ. ಯಾರದೋ ಅವ್ವ ಬಂದು ನಿಂತರೆ ನಾನೂ ಸ್ಕ್ರೀನಿನಿಂದ ತಲೆ ಎತ್ತದೆ "ಸರ್ವರ್ ಇಲ್ಲ, ನಾಳೆ ಬಾರಮ್ಮ" ಅನ್ನುವುದಿಲ್ಲ ಅಂತ ಏನು ಗ್ಯಾರಂಟಿ? ನಮ್ಮ ಕೇರಿಯವನೇ ಕುಂತರೆ ಸಾಲದು, ಅವನನ್ನು ಕೇಳುವವರು ಹೊರಗೆ ಇರಬೇಕು. ಅದಕ್ಕೇ ಈ ಕೊನೆಯ ಮಾತು.

ಸಂಘದಲ್ಲಿ ನಾವು ಒಂದು ರಿಜಿಸ್ಟರ್ ಶುರು ಮಾಡೋಣ ಅಂತ ಮಾತಾಡಿದ್ದೇವೆ. ಕಂಪ್ಯೂಟರ್ ಆಮೇಲೆ, ಮೊದಲು ಉದ್ದ ನೋಟ್‌ಬುಕ್ಕು. ಮನೆಗೊಂದು ಪುಟ. ಪ್ರತಿಯೊಬ್ಬರ ಹೆಸರು ಯಾವ ಕಾಗದದಲ್ಲಿ ಹೇಗೈತೆ, ಕೂಲಿ ಯಾವ ಬ್ಯಾಂಕಿಗೆ ಹೋಗುತ್ತದೆ, ಫೋನ್ ನಂಬರ್ ಯಾವುದು ಕೊಟ್ಟೀರಿ, ಯಾವ ತಿಂಗಳು ಊರಲ್ಲಿ ಇರುವುದಿಲ್ಲ, ಯಾವ ಅರ್ಜಿ ಯಾವ ದಿನ ಕೊಟ್ಟಿರಿ, ಏನು ಹೇಳಿದರು. ಕೂಲಿ 15 ದಿನದಲ್ಲಿ ಬರದಿದ್ದರೆ ತಡವಾದ ದಿನಕ್ಕೆ ಪರಿಹಾರ ಕೊಡಬೇಕು ಅಂತ ಕಾನೂನಿನಲ್ಲಿ ಐತೆ. ದಿನಾಂಕ ಬರೆದಿಟ್ಟವರು ಕೇಳಬಹುದು, ಬರೆಯದವರು ಏನಂತ ಕೇಳಬೇಕು?

ಇದಕ್ಕೆ ಕಟ್ಟಳೆ ಹಾಕಿಕೊಂಡಿದ್ದೇವೆ. ಆಧಾರ್ ನಂಬರ್ ಪೂರ್ತಿ ಬರೆಯುವುದಿಲ್ಲ, ಕೊನೆಯ ನಾಲ್ಕು ಅಂಕಿ ಮಾತ್ರ. ಸಾಲ, ರೋಗ, ಮನೆ ಜಗಳ ಬರೆಯುವುದಿಲ್ಲ. ನಿಮ್ಮ ಪುಟ ನೀವು ನೋಡಬಹುದು, ಪಕ್ಕದ ಮನೆಯದು ನೋಡುವಂತಿಲ್ಲ. ಬರೆದದ್ದನ್ನು ನಿಮ್ಮ ಮುಂದೆ ಓದಿ ಹೇಳಬೇಕು. ತಿದ್ದಿದರೆ ಹಳೆಯದು ಕಾಣುವ ಹಾಗೆ ಗೆರೆ ಎಳೆದು ತಿದ್ದಬೇಕು, ಯಾರು ತಿದ್ದಿದರು ಅಂತ ಸಹಿ ಹಾಕಬೇಕು. ಬರೆಯುವವರು ಇಬ್ಬರು, ಅದರಲ್ಲಿ ಒಬ್ಬಳು ಹುಡುಗಿ ಇರಲೇಬೇಕು, ಯಾಕಂದರೆ ಅವ್ವಂದಿರು ನನ್ನ ಮುಂದೆ ಎಲ್ಲಾ ಹೇಳುವುದಿಲ್ಲ. ಜಾತಿಯ ಕಾಲಂನಲ್ಲಿ ಒಳಜಾತಿ ಬರೆಯಬೇಕಾ ಬೇಡವಾ ಅಂತ ನಮ್ಮಲ್ಲೇ ಎರಡು ಮಾತು ಇದ್ದಾವೆ. ವರ್ಗೀಕರಣದ ತೀರ್ಪು ಬಂದ ಮೇಲೆ ಆ ಮಾತು ಜೋರಾಗೈತೆ. ಅದು ನನ್ನೊಬ್ಬನ ತೀರ್ಮಾನ ಅಲ್ಲ, ಸಂಘದ ಸಭೆಯಲ್ಲಿ ಕುಂತು ಗೊತ್ತು ಮಾಡೋಣ. ಅಲ್ಲಿ ತನಕ ಆ ಕಾಲಂ ಖಾಲಿ.

ಮುಂದಿನ ಆದಿತ್ಯವಾರ ಬೆಳಿಗ್ಗೆ ಇದೇ ಜಾಗದಲ್ಲಿ ಕೂರುತ್ತೇವೆ. ಗುಂಟೂರಿಗೆ ಹೊರಡುವವರು ಮೊದಲು ಬರ್ರಿ, ನಿಮ್ಮದು ಮೊದಲು ಬರೆಯುತ್ತೇವೆ. ಕಾಗದ ತರ್ರಿ, ಅಸಲು ತರಬ್ಯಾಡ್ರಿ, ಜೆರಾಕ್ಸ್ ಸಾಕು. ಆಧಾರಿಗೆ ಕೊಟ್ಟ ಸಿಮ್ಮು ಯಾವ ಫೋನಿನಲ್ಲಿ ಐತೋ ಆ ಫೋನು ಚಾರ್ಜ್ ಹಾಕಿಕೊಂಡು ತರ್ರಿ. ಮೊದಲ ಪುಟ ನಮ್ಮವ್ವನದು, ಹುಲಿಗೆಮ್ಮ ಅಂತ 'ಹ' ಹಾಕಿ ಬರೆದಾಗೈತೆ.

ಊಟಕ್ಕೆ ಕರೆಯುತ್ತಿದ್ದಾರೆ. ಜೈ ಭೀಮ್.